ಮಿಲ್ವಾಕಿಯ ಕರಪತ್ರದಿಂದ ನ್ಯೂಯಾರ್ಕಿನ ಮೇಯರ್ ಪಟ್ಟಕ್ಕೆ

2025ರ ನವೆಂಬರ್ 4ರ ರಾತ್ರಿ ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದ ಜೊಹ್ರಾನ್ ಮಮ್ದಾನಿ ಭಾಷಣದ ಶುರುವಿನಲ್ಲೇ ಅಮೆರಿಕದ ಹಳೆಯ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಅವರನ್ನು ನೆನೆದರು. ಅದೇ ಭಾಷಣದಲ್ಲಿ ನೆಹರೂ ಮಾತೂ ಬಂದದ್ದರಿಂದ ನಮ್ಮವರ ಗಮನವೆಲ್ಲ ಅತ್ತ ಹೋಯಿತು. ಆದರೆ ಈ ಗೆಲುವಿನ ಬೇರು ಡೆಬ್ಸ್ ಕಾಲದ್ದು. ಮೊದಲ ಮಹಾಯುದ್ಧವನ್ನು ವಿರೋಧಿಸಿ ಮಾತನಾಡಿದ್ದಕ್ಕೆ ಜೈಲು ಸೇರಿದ್ದ ಅವರು, 1920ರಲ್ಲಿ ಅಟ್ಲಾಂಟಾದ ಸೆರೆಮನೆಯಿಂದಲೇ ಅಧ್ಯಕ್ಷ ಪದವಿಗೆ ನಿಂತು ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದಿದ್ದರು.

ಡೆಬ್ಸ್ ಸಮಾಜವಾದಿಗಳ ದನಿಯಾಗಿದ್ದರು. ಆ ಸಮಾಜವಾದಿಗಳ ಸಂಘಟನೆಯ ಕಸುಬು ನೋಡಬೇಕಾದರೆ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಗೆ ಹೋಗಬೇಕು. ಜರ್ಮನ್, ಪೋಲಿಷ್ ವಲಸಿಗ ಕಾರ್ಮಿಕರು ತುಂಬಿದ್ದ ಊರು ಅದು. ಭಾನುವಾರ ಬೆಳಗಿನ ಜಾವ ಕಾರ್ಯಕರ್ತರು ಕರಪತ್ರದ ಕಟ್ಟು ಹೊತ್ತು ಹೊರಡುತ್ತಿದ್ದರು. ಯಾವ ಮನೆಯಲ್ಲಿ ಯಾವ ಭಾಷೆ ಓದುತ್ತಾರೆಂಬುದು ಅವರಿಗೆ ಗೊತ್ತಿತ್ತು, ಆ ಮನೆಗೆ ಆ ಭಾಷೆಯದೇ ಹಾಳೆ. 1910ರಲ್ಲಿ ಎಮಿಲ್ ಸೈಡೆಲ್ ಮೇಯರ್ ಆದರು. ಅದೇ ವರ್ಷ ವಿಕ್ಟರ್ ಬರ್ಗರ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಸಮಾಜವಾದಿಯಾದರು. ಮುಂದೆ ಡೇನಿಯಲ್ ಹೋನ್ 1916ರಿಂದ 1940ರವರೆಗೆ ಮೇಯರ್ ಆಗಿದ್ದರು. ಚರಂಡಿ, ಕುಡಿಯುವ ನೀರು, ಉದ್ಯಾನ: ಇದೇ ಅವರ ಸಮಾಜವಾದ. ಚರಂಡಿ ಸಮಾಜವಾದಿಗಳು ಎಂದು ಹೊರಗಿನವರು ಹಂಗಿಸಿದರೂ ಊರು ಮತ ಹಾಕುತ್ತಲೇ ಹೋಯಿತು. ಯುದ್ಧವಿರೋಧಿ ಬರಹಕ್ಕಾಗಿ ಶಿಕ್ಷೆಗೊಳಗಾದ ಬರ್ಗರ್‌ಗೆ 1919ರಲ್ಲಿ ಸಂಸತ್ತು ಸ್ಥಾನ ನಿರಾಕರಿಸಿದಾಗ ಊರು ಮರುಚುನಾವಣೆಯಲ್ಲಿ ಮತ್ತೆ ಅವರನ್ನೇ ಗೆಲ್ಲಿಸಿ ಕಳಿಸಿತು. ಸಂಸತ್ತು ಆಗಲೂ ಒಳಗೆ ಬಿಡಲಿಲ್ಲ.

ಇಷ್ಟಾದರೂ ಸಮಾಜವಾದಿಗಳದಂಥ ಮೂರನೇ ಪಕ್ಷಕ್ಕೆ ಅಮೆರಿಕದ ಚುನಾವಣಾ ಪದ್ಧತಿಯಲ್ಲಿ ನೆಲೆ ಸಿಗಲಿಲ್ಲ. 1982ರಲ್ಲಿ ಮೈಕೆಲ್ ಹ್ಯಾರಿಂಗ್ಟನ್ ಮುಂದಾಳತ್ವದಲ್ಲಿ ಹುಟ್ಟಿದ ಡೆಮಾಕ್ರಟಿಕ್ ಸೋಷಿಯಲಿಸ್ಟ್ಸ್ ಆಫ್ ಅಮೆರಿಕ, ಅಂದರೆ ಡಿಎಸ್‌ಎ, ಬೇರೆ ದಾರಿ ಹಿಡಿಯಿತು: ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲೇ, ಅಂದರೆ ಪ್ರೈಮರಿಯಲ್ಲೇ ಸೆಣಸುವುದು. 2016ರಲ್ಲಿ ಬರ್ನಿ ಸ್ಯಾಂಡರ್ಸ್ ಅಧ್ಯಕ್ಷ ಪದವಿಗೆ ಸ್ಪರ್ಧಿಸುವವರೆಗೂ ಅದರ ಸದಸ್ಯರು ಕೆಲವೇ ಸಾವಿರ. ಐದು ವರ್ಷಗಳಲ್ಲಿ ಸಂಖ್ಯೆ 90 ಸಾವಿರ ದಾಟಿತು.

ಪ್ರೈಮರಿಯ ಗುಟ್ಟು ಅಲ್ಲಿಗೆ ಬರುವ ಮತದಾರರ ಕೊರತೆಯಲ್ಲಿದೆ. 2018ರಲ್ಲಿ ನ್ಯೂಯಾರ್ಕ್‌ನ ಡಿಎಸ್‌ಎ ಸದಸ್ಯೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಹತ್ತು ಅವಧಿಯ ಸಂಸದ ಜೋ ಕ್ರೌಲಿಯವರನ್ನು ಮಣಿಸಿದ ಪ್ರೈಮರಿಯಲ್ಲಿ ಇಬ್ಬರಿಗೂ ಸೇರಿ ಬಿದ್ದದ್ದು 30 ಸಾವಿರದಷ್ಟು ಮತ. ಇಂಥ ಕಡೆ ಮನೆಮನೆಗೆ ಹೋಗುವ ಕೆಲವು ನೂರು ಮಂದಿ ಫಲಿತಾಂಶವನ್ನೇ ತಿರುಗಿಸಬಲ್ಲರು. ನ್ಯೂಯಾರ್ಕ್‌ನಲ್ಲಿ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಪ್ರೈಮರಿಯಲ್ಲಿ ಮತ. ಹಾಗಾಗಿ ತಿಂಗಳುಗಟ್ಟಲೆ ಮೊದಲೇ ಕೆಲಸ ಶುರುವಾಗಬೇಕು. ಕಾರ್ಯಕರ್ತರ ಫೋನಿನಲ್ಲಿ ಒಂದು ಬೀದಿಯ ಮತದಾರರ ಪಟ್ಟಿ ಇರುತ್ತದೆ. ಬಾಗಿಲು ತಟ್ಟಿ, ಬಾಡಿಗೆಯ ಕಷ್ಟ ಕೇಳಿ, ಉತ್ತರ ದಾಖಲಿಸಿಕೊಂಡು ಮುಂದಿನ ಮನೆಗೆ. ಡಿಎಸ್‌ಎಯವರೇ ಆದ ಮಮ್ದಾನಿ ಪ್ರಚಾರದಲ್ಲಿ ಈ ಮಾತು ಬಂಗಾಳಿ, ಉರ್ದು, ಸ್ಪ್ಯಾನಿಷ್‌ನಲ್ಲೂ ನಡೆಯಿತು. ಪ್ರೈಮರಿ ಗೆದ್ದು, ನವೆಂಬರ್ ಚುನಾವಣೆಯಲ್ಲಿ ಅವರು ಹತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದರು.

ಬಾಗಿಲು ತಟ್ಟಿದರೆ ಎಲ್ಲ ಆಗಿಬಿಡುತ್ತದೆ ಎಂದಲ್ಲ. 2024ರಲ್ಲಿ ಇದೇ ಸಾಲಿನ ಸಂಸದರಾಗಿದ್ದ ಜಮಾಲ್ ಬೋಮನ್, ಕೋರಿ ಬುಷ್ ಇಬ್ಬರೂ ಪ್ರೈಮರಿಯಲ್ಲಿ ಸೋತರು. ಇಸ್ರೇಲ್ ಪರ ಗುಂಪುಗಳು ಅವರ ವಿರುದ್ಧ ಸುರಿದ ಹಣ ಅಪಾರ. ಆದರೂ ಹಣದ ಎದುರು ನಿಲ್ಲಲು ಸಾಮಾನ್ಯರಿಗೆ ಇದಕ್ಕಿಂತ ಗಟ್ಟಿಯಾದ ದಾರಿ ನನಗೆ ಕಾಣುತ್ತಿಲ್ಲ.

ಗೆದ್ದ ಮೇಲಿನ ಕೆಲಸ ಇನ್ನೂ ಕಠಿಣ. ಶ್ರೀಮಂತರ ಆದಾಯ ತೆರಿಗೆ ಏರಿಸುವ ಅಧಿಕಾರ ಮೇಯರ್‌ಗಿಲ್ಲ, ಅದು ಆಲ್ಬನಿಯ ರಾಜ್ಯ ಶಾಸಕಾಂಗದ ಕೈಯಲ್ಲಿದೆ. ಉಚಿತ ಬಸ್ಸಿನ ಭರವಸೆ ಕೊಟ್ಟರೂ, ಬಸ್ಸು ಓಡಿಸುವ ಎಂಟಿಎ ರಾಜ್ಯದ ಹಿಡಿತದಲ್ಲಿರುವ ಸಂಸ್ಥೆ. ಮೇಯರ್‌ಗಾಗಿ ಬೀದಿ ಸುತ್ತಿದ ಅದೇ ಕಾರ್ಯಕರ್ತರು ಈಗ ರಾಜ್ಯದ ಶಾಸಕರ ಮೇಲೆ ಒತ್ತಡ ತರಲು ಅವರವರ ಕ್ಷೇತ್ರಗಳಿಗೆ ನಡೆಯಬೇಕಾಗಿದೆ.