ಕಾರ್ಬ್ಯುರೇಟರ್ ಹೋದರೂ ನಂಬಿಕೆ ಹೋಗಲಿಲ್ಲ

ಸಿರಸಂಗಿ ಕಾಳಮ್ಮನ ಗುಡಿ ಮುಂದೆ ಹೊಸ ಕಾರು ಬಂದು ನಿಂತರೆ ಪೂಜೆ ಮುಗಿಯುವ ತನಕ ಯಾರೂ ಏನೂ ಕೇಳುವುದಿಲ್ಲ. ಗಾಲಿಯಡಿಯ ನಿಂಬೆಹಣ್ಣು ಚಟ್ಟೆಂದು ಒಡೆದು ಗಾಡಿ ಒಂದು ಮಾರು ಮುಂದೆ ಸರಿಯಿತೋ, ಮೊದಲ ಪ್ರಶ್ನೆ: “ಆವರೇಜ್ ಎಷ್ಟ ಕೊಡ್ತೈತ್ರಿ?” ಅದರ ಬೆನ್ನಿಗೇ ಸಲಹೆಗಳ ಸುರಿಮಳೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕ್ರಿ, ಮುಂಜಾನೆ ಹೊತ್ತು ಎಣ್ಣಿ ಹಾಕಸ್ರಿ, ನೂರಕ್ಕ ಬ್ಯಾಡ ನೂರಾಹತ್ತಕ್ಕ ಹಾಕಸ್ರಿ, ಎಂಜಿನ್ ಒಂದ್ಹತ್ತು ನಿಮಿಷ ಕಾಯಲಿ ಬಿಡ್ರಿ. ಕೋರ್ಟಿಗೋ ದವಾಖಾನೆಗೋ ಎಂದು ಬೆಳಗಾವಿಗೆ ಒಮ್ಮೆ ಹೋಗಿ ಬಂದರೆ 150 ಕಿಲೋಮೀಟರ್ ಮೀರುವ ಊರಿದು. ಲೀಟರ್ ಪೆಟ್ರೋಲ್ ನೂರು ರೂಪಾಯಿ ದಾಟಿರುವಾಗ ಈ ಕಾಳಜಿ ಸಹಜವೇ.

ಈ ಸಲಹೆಗಳೆಲ್ಲ ಹುಟ್ಟಾ ಸುಳ್ಳೇನಲ್ಲ. ಕೆಲವು ಒಂದು ಕಾಲಕ್ಕೆ ನಿಜವಾಗಿದ್ದವು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800, ಇವಕ್ಕೆಲ್ಲ ಇದ್ದದ್ದು ಕಾರ್ಬ್ಯುರೇಟರ್. ಗಾಳಿಯ ಸೆಳೆತಕ್ಕೆ ಸಿಕ್ಕಷ್ಟು ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವುದಷ್ಟೇ ಅದರ ಕೆಲಸ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಹೊಸ ಕಾರುಗಳಲ್ಲಿ ಅದರ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಈಗ ನಿರ್ಧರಿಸುವುದು ಸೆನ್ಸರುಗಳನ್ನು ನೋಡಿಕೊಂಡು ಕೂತ ಪುಟ್ಟ ಕಂಪ್ಯೂಟರ್. ಗಾಡಿ ಬದಲಾಯಿತು, ಕಾಕಾ ಮತ್ತು ಮಿಸ್ತ್ರಿ ಹೇಳಿಕೊಟ್ಟ ಪಾಠ ಮಾತ್ರ ಹಾಗೇ ಉಳಿಯಿತು.

ಎಲ್ಲಕ್ಕಿಂತ ಅಪಾಯದ ಪಾಠ ನ್ಯೂಟ್ರಲ್‌ನದು. ಸವದತ್ತಿ ಎಲ್ಲಮ್ಮನ ಗುಡ್ಡದಿಂದ ಇಳಿಯುವಾಗ ಎಷ್ಟೋ ಮಂದಿ ಗೇರು ತೆಗೆದು ಗಾಡಿಯನ್ನು ಸುಮ್ಮನೆ ಉರುಳಲು ಬಿಡುತ್ತಾರೆ, ಎಣ್ಣೆ ಉಳಿಯಿತೆಂದು ಖುಷಿಪಡುತ್ತಾರೆ. ಇಂಜೆಕ್ಷನ್ ಗಾಡಿಯಲ್ಲಿ ನಡೆಯುವುದು ಇದರ ಉಲ್ಟಾ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಎಂಜಿನ್ನನ್ನು ತಿರುಗಿಸುವವು ಚಕ್ರಗಳೇ. ಇದನ್ನು ಅರಿತ ಕಂಪ್ಯೂಟರ್ ಇಂಜೆಕ್ಟರುಗಳನ್ನು ಬಂದ್ ಮಾಡುತ್ತದೆ, ಎಂಜಿನ್ ವೇಗ ತೀರಾ ಇಳಿಯುವ ತನಕ ಒಂದು ಹನಿ ಪೆಟ್ರೋಲೂ ಹೋಗುವುದಿಲ್ಲ. ನ್ಯೂಟ್ರಲ್ ಹಾಕಿದಿರೋ, ಎಂಜಿನ್ ಆರದಂತೆ ನೋಡಿಕೊಳ್ಳಲು ಅದು ಎಣ್ಣೆ ಬಿಡಲೇಬೇಕು. ಕ್ಷಣಕ್ಷಣದ ಮೈಲೇಜ್ ತೋರಿಸುವ ಗಾಡಿಯಿದ್ದರೆ ಪಕ್ಕದಲ್ಲಿ ಕೂತವರಿಗೆ ಡ್ಯಾಶ್‌ಬೋರ್ಡ್ ನೋಡಲು ಹೇಳಿ. ಮೂರನೇ ಗೇರಿನಲ್ಲಿ ಕಾಲೆತ್ತಿ ಇಳಿಯುವಾಗ ಅಂಕಿ ಮೇಲಿನ ತುದಿಗೆ ಹೋಗಿ ನಿಂತುಬಿಡುತ್ತದೆ. ಬಯಲಿನ ಸಣ್ಣ ಇಳಿಜಾರಿನಲ್ಲಿ ಗೇರು ಗಾಡಿಯನ್ನು ಹಿಡಿದೆಳೆಯುತ್ತದೆ, ಅಲ್ಲಿ ನ್ಯೂಟ್ರಲ್‌ನಿಂದ ಚೂರುಪಾರು ಉಳಿದರೂ ಉಳಿಯಬಹುದು. ಆದರೆ ಗುಡ್ಡದಲ್ಲಿ ಆ ಹಿಡಿತವೇ ಬೇಕಾದದ್ದು. ಅದಿಲ್ಲದೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು, ಹಿಡಿತ ಕಳೆದುಕೊಳ್ಳುತ್ತದೆ. ಕೀಲಿಯನ್ನೇ ತಿರುಗಿಸಿ ಎಂಜಿನ್ ಆರಿಸಿಕೊಂಡು ಇಳಿಯುವ ಶೂರರೂ ಇದ್ದಾರೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗ್ ಬಿಗಿಯುತ್ತದೆ. ಬನದ ಹುಣ್ಣಿಮೆಯ ಜನಜಂಗುಳಿಯಲ್ಲಿ ಹೀಗಾದರೆ ಉಳಿಸಿದ ಎಣ್ಣೆಯ ಲೆಕ್ಕ ಕೇಳುವವರು ಯಾರು?

ಎಂಜಿನ್ ಕಾಯಿಸುವುದೂ ಕಾರ್ಬ್ಯುರೇಟರ್ ಕಾಲದ ರೂಢಿ. ಆಗ ಚೋಕ್ ಎಳೆದು ಕಾಯದಿದ್ದರೆ ಗಾಡಿ ಮುಗ್ಗರಿಸುತ್ತಿತ್ತು. ಈಗ ಅರ್ಧ ನಿಮಿಷ ಸಾಕು, ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ಎಂಜಿನ್ ತಾನೇ ಕಾಯುತ್ತದೆ. ನಿಂತಲ್ಲೇ ಉರಿಯುವ ಎಂಜಿನ್ ಕೊಡುವ ಆವರೇಜ್ ಸೊನ್ನೆ.

ಇನ್ನು ಏರ್ ಫಿಲ್ಟರ್. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಎರೆಮಣ್ಣಿನ ಧೂಳು ಕುಡಿದು ಬಂದ ಫಿಲ್ಟರ್ ನೋಡಿದರೆ ಯಾರಿಗೂ ಅನ್ನಿಸುತ್ತದೆ, ಎಣ್ಣೆ ತಿನ್ನುವುದು ಇದೇ ಎಂದು. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಹಾಗಾಗುವುದಿಲ್ಲ. ಗಾಳಿ ಕಡಿಮೆ ಬಂದರೆ ಕಂಪ್ಯೂಟರ್ ಪೆಟ್ರೋಲನ್ನೂ ಅಷ್ಟೇ ಕಡಿಮೆ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ ಪರೀಕ್ಷಿಸಿ ಕಂಡದ್ದೂ ಇದನ್ನೇ: ಕಟ್ಟಿಕೊಂಡ ಫಿಲ್ಟರಿನಿಂದ ಗಾಡಿಯ ಎಳೆತ ಕುಗ್ಗುತ್ತದೆ, ಮೈಲೇಜ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಫಿಲ್ಟರ್ ಬದಲಿಸಿ, ಎಂಜಿನ್ನಿನ ಬಾಳಿಕೆಗಾಗಿ. ಮರುದಿನವೇ ಆವರೇಜ್ ಏರುತ್ತದೆಂದು ಕಾಯಬೇಡಿ.

ಪೆಟ್ರೋಲ್ ಪಂಪಿನ ನಂಬಿಕೆಗಳದ್ದು ಬೇರೆ ಜಾತಿ, ಅವು ಯಾವ ಕಾಲಕ್ಕೂ ನಿಜವಾಗಿರಲಿಲ್ಲ. ಮುಂಜಾನೆ ತಂಪಿನಲ್ಲಿ ಪೆಟ್ರೋಲ್ ಗಟ್ಟಿಯಾಗಿರುತ್ತದಂತೆ. ಒಂದು ಡಿಗ್ರಿ ಬಿಸಿ ಏರಿದರೆ ಪೆಟ್ರೋಲ್ ಹಿಗ್ಗುವುದು ಸಾವಿರಕ್ಕೆ ಒಂದು ಪಾಲಿನಷ್ಟು, ಅಂದರೆ 20 ಲೀಟರಿಗೆ 20 ಮಿಲಿ. ಅದರಲ್ಲೂ ಟ್ಯಾಂಕ್ ಇರುವುದು ನೆಲದಡಿ, ಅಲ್ಲಿ ಮುಂಜಾನೆಗೂ ಮಧ್ಯಾಹ್ನಕ್ಕೂ ಬಿಸಿ ಅಷ್ಟೇನೂ ಬದಲಾಗುವುದಿಲ್ಲ. ನೂರಾಹತ್ತರ ಲೆಕ್ಕವೂ ಹೀಗೆಯೇ. ಯಂತ್ರ ಅಳೆಯುವುದು ಲೀಟರನ್ನು, ರೂಪಾಯಿ ಅದರ ಗುಣಾಕಾರ ಮಾತ್ರ. ಯಂತ್ರವನ್ನೇ ತಿದ್ದಿದವನಿದ್ದರೆ ನೂರಕ್ಕೂ ನೂರಾಹತ್ತಕ್ಕೂ ಒಂದೇ ಮೋಸ. ಅನುಮಾನ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆ ಕ್ಯಾನ್ ತರಿಸಿ, ಅದಕ್ಕೆ ಹಾಕಿಸಿ ನೋಡಿ. ಪ್ರತಿ ಪಂಪಿನಲ್ಲೂ ಅದು ಇರಲೇಬೇಕು, ಕೇಳುವುದು ಗ್ರಾಹಕರ ಹಕ್ಕು. ಹೆಚ್ಚೆಂದರೆ 25 ಮಿಲಿ ವ್ಯತ್ಯಾಸಕ್ಕೆ ಮಾಫಿಯಿದೆ.

ಈಗ ಎಥೆನಾಲ್ ಜಗಳ. ಮುನವಳ್ಳಿಯ ಸಕ್ಕರೆ ಕಾರ್ಖಾನೆ ಕಬ್ಬಿನಿಂದ ಎಥೆನಾಲ್ ತೆಗೆಯುವ ಈ ತಾಲೂಕಿನಲ್ಲಿ ಇದು ಮನೆಮಾತು. ಕಬ್ಬು ಕಳಿಸಿದವನೇ ಪಂಪಿನಲ್ಲಿ ನಿಂತು ಎಥೆನಾಲನ್ನು ಬೈಯುವುದೂ ಉಂಟು. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ಅದು ದೇಶವೆಲ್ಲ ಹಬ್ಬಿತು. “ಆವರೇಜ್ ಅರ್ಧಕ್ಕ ಬಂತು” ಎನ್ನುವವರು ಒಂದು ಕಡೆ, “ಏನೂ ಫರಕಿಲ್ಲ” ಎನ್ನುವವರು ಇನ್ನೊಂದು ಕಡೆ. ಇಬ್ಬರದೂ ತಪ್ಪು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಪಾಲು ಅದೇ ಇರುವಾಗ ಒಟ್ಟು ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಿಗೆ ಇಷ್ಟೇ ಇಳಿಕೆ ಹೇಳಿತ್ತು, ಇದಕ್ಕೆಂದೇ ಹೊಂದಿಸಿದ ಕಾರುಗಳಿಗೆ ಶೇ 1–2 ಎಂದಿತ್ತು. ಇದಕ್ಕೂ ಮುಂಚೆ ನೀವು ಹಾಕಿಸುತ್ತಿದ್ದದ್ದು ಶುದ್ಧ ಪೆಟ್ರೋಲ್ ಅಲ್ಲ, ಶೇ 10 ಬೆರೆತದ್ದು. ಅದಕ್ಕೆ ಹೋಲಿಸಿದರೆ ಶಕ್ತಿಯ ಇಳಿಕೆ ಶೇ 3–4. ಹದಿನೆಂಟು ಕೊಡುತ್ತಿದ್ದ ಗಾಡಿ ಹದಿನೇಳೂವರೆಯ ಹತ್ತಿರ ಬಂದರೆ ಎಥೆನಾಲಿನ ಪಾಲು ಎನ್ನಿ. ಹದಿಮೂರಕ್ಕೆ ಬಂದಿದ್ದರೆ ಬೇರೆ ಕಡೆ ಹುಡುಕಿ.

ಎಸಿ ಎಣ್ಣೆ ತಿನ್ನುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಬಿಸಿಲಿಗೆ ನಿಂತ ಕಾರಿನ ಬಾಗಿಲು ತೆರೆದು ಒಳಗಿನ ಬೇಗೆ ಹೊರಗೆ ಹೋಗಲು ಬಿಟ್ಟು ಆಮೇಲೆ ಹಾಕಿದರೆ ಅದರ ಕೆಲಸ ಹಗುರವಾಗುತ್ತದೆ, ಅಷ್ಟೇ. ಮಿಣಮಿಣ ಮಿಂಚುವ ಪ್ಲಗ್ಗು, ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಇವುಗಳ ಬಗ್ಗೆ ಹೆಚ್ಚು ಬರೆಯುವುದು ಶಾಯಿಗೆ ದಂಡ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ, ಬೆರಳೆಣಿಕೆಯಷ್ಟರಲ್ಲಿ ಮಾತ್ರ ಅಲ್ಪಸ್ವಲ್ಪ ಲಾಭ ಕಂಡಿದೆ.

ಹಾಗಾದರೆ ಎಣ್ಣೆ ಹೋಗುವುದೆಲ್ಲಿ? ಬಲಗಾಲಿನಲ್ಲಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ನಾಲ್ಕನೆಯ ಒಂದು ಪಾಲು, ತಡೆ ಹೆಚ್ಚಿದ್ದು ಅರ್ಧಕ್ಕೂ ಮೀರಿ. ಧಾರವಾಡ–ಬೆಳಗಾವಿ ಹೆದ್ದಾರಿಯಲ್ಲಿ 110ರಲ್ಲಿ ಹಾರಿಸಿ “ಕಂಪನಿಯವರು ಹೇಳಿದಷ್ಟು ಕೊಡೂದಿಲ್ಲ” ಎಂದು ದೂರಿದರೆ ಏನು ಹೇಳುವುದು? ಕಂಪನಿ ಹೇಳುವ ಅಂಕಿ ರಸ್ತೆಯದಲ್ಲ. ಪ್ರಯೋಗಾಲಯದಲ್ಲಿ ರೋಲರ್ ಮೇಲೆ, 90 ಮೀರದ ವೇಗದಲ್ಲಿ, ಎಸಿ ಬಂದ್ ಮಾಡಿ ಓಡಿಸಿ ತೆಗೆದದ್ದು. ಗುಡ್ಡಕ್ಕೆ ಹೋಗುವಾಗ ಅಡುಗೆಯ ಬೋಗುಣಿ, ಹಾಸಿಗೆ, ಕಟ್ಟಿಗೆ ಹೊತ್ತ ಕ್ಯಾರಿಯರ್ ಅನ್ನು ಜಾತ್ರೆ ಮುಗಿದು ತಿಂಗಳಾದರೂ ಬಿಚ್ಚದವರಿದ್ದಾರೆ. ಅದು ಖಾಲಿಯಿದ್ದರೂ ಗಾಳಿಗೆ ಅಡ್ಡ ನಿಲ್ಲುತ್ತದೆ.

ಮುಂಜಾನೆ ಪಂಪಿಗೆ ಹೋಗಲೇಬೇಕೆಂದಿದ್ದರೆ ಪೆಟ್ರೋಲಿಗಲ್ಲ, ಗಾಳಿಗೆ ಹೋಗಿ. ಟೈರು ತಣ್ಣಗಿದ್ದಾಗಲೇ ಒತ್ತಡ ಸರಿಯಾಗಿ ತಿಳಿಯುವುದು, ಪಂಪಿನಲ್ಲಿ ಗಾಳಿ ಪುಕ್ಕಟೆ. ಎಷ್ಟು ಹಾಕಬೇಕೆಂಬ ಚೀಟಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲೇ ಅಂಟಿರುತ್ತದೆ. ಗಾಳಿ ಇಳಿದಷ್ಟೂ ಮೈಲೇಜ್ ಇಳಿಯುತ್ತದೆ ನಿಜ, ಹಾಗೆಂದು ಚೀಟಿಯಲ್ಲಿದ್ದುದಕ್ಕಿಂತ ಐದಾರು ಪಾಯಿಂಟ್ ಹೆಚ್ಚು ತುಂಬಿಸಿದರೆ ಟೈರಿನ ನಡು ಮಾತ್ರ ಸವೆದು ಬ್ರೇಕಿನ ಹಿಡಿತ ತಗ್ಗುತ್ತದೆ.

ಯಾರ ಮಾತನ್ನೂ ನಂಬದೆ ಅಳೆಯುವ ದಾರಿಯೊಂದಿದೆ. ಪಂಪಿನ ಗನ್ ಮೊದಲ ಸಲ ತಾನಾಗಿ ಟಕ್ಕೆಂದು ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಖಾಲಿಯಾದ ಮೇಲೆ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ. ನಡುವೆ ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಬರುವುದೇ ನಿಮ್ಮ ಆವರೇಜ್. ಒಂದೇ ಸಲದ ಲೆಕ್ಕ ಮೋಸ ಮಾಡಬಹುದು, ನಾಲ್ಕು ಸಲದ್ದು ಕೂಡಿಸಿ ನೋಡಿ. ಕಬ್ಬಿನ ಹಂಗಾಮಿನ ಅಂಕಿಯನ್ನು ಮಾತ್ರ ಬೇರೆಯಾಗಿಯೇ ಇಡಿ. ರಾಮದುರ್ಗದ ರಸ್ತೆಯಲ್ಲಿ ಕಬ್ಬಿನ ಟ್ರೇಲರಿನ ಹಿಂದೆ ಎರಡನೇ ಗೇರಿನಲ್ಲಿ ತೆವಳಿದ ಗಾಡಿಗೆ ಬೇಸಿಗೆಯ ಆವರೇಜ್ ಕೇಳಿದರೆ ಬರುವುದಿಲ್ಲ.