ತರಕಾರಿ ಚೀಲದಲ್ಲಿ ಕ್ಯಾಮೆರಾ

ಮನೆಯ ಊಟದ ಮೇಜೇ ಆಗ ನನ್ನ ಡೆಸ್ಕ್. ಒಂದು ಕಡೆ ಲ್ಯಾಪ್‌ಟಾಪ್, ಇನ್ನೊಂದು ಕಡೆ ಮುಚ್ಚಿಟ್ಟ ಸಾರಿನ ಪಾತ್ರೆ, ನಡುವೆ ಸ್ಯಾನಿಟೈಸರ್ ಬಾಟಲಿ. 2020ರ ಮೇ 4 ದಾಟಿ 5ಕ್ಕೆ ಕಾಲಿಟ್ಟ ರಾತ್ರಿ. ಬೆಂಗಳೂರು ಎಡಿಷನ್ನಿನ ಪುಟ ಬಿಟ್ಟು ಮೈ ಮುರಿಯುತ್ತಿದ್ದಾಗ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿಯ ಘೋಷಣೆ ಬಂತು. ಕೊರೊನಾ ಕಾರಣಕ್ಕೆ ಸಭೆ ಇಲ್ಲ, ಚಪ್ಪಾಳೆ ಇಲ್ಲ. ಪ್ರಶಸ್ತಿಯ ಆಡಳಿತಾಧಿಕಾರಿ ಡೇನಾ ಕ್ಯಾನಡಿ ತಮ್ಮ ಮನೆಯ ಹಾಲ್‌ನಲ್ಲೇ ಕೂತು ಹೆಸರು ಓದಿದರು. ಫೀಚರ್ ಫೋಟೊಗ್ರಫಿ ವಿಭಾಗದಲ್ಲಿ ದಾರ್ ಯಾಸಿನ್, ಮುಖ್ತಾರ್ ಖಾನ್, ಚನ್ನಿ ಆನಂದ್. ಮೂವರೂ ಎಪಿ ಸುದ್ದಿಸಂಸ್ಥೆಯವರು. ಮೊದಲಿಬ್ಬರು ಶ್ರೀನಗರದವರು, ಇನ್ನೊಬ್ಬರು ಜಮ್ಮುವಿನವರು.

ನಾನು ಸ್ವಲ್ಪ ಕುಗ್ಗಿದೆ. ಇವರ ಚಿತ್ರಗಳನ್ನು ಎಷ್ಟು ರಾತ್ರಿ ಪುಟಕ್ಕೆ ಹಾಕಿಲ್ಲ! ಜಾಗ ಸಾಲದಾಗ ಮೊದಲು ಕತ್ತರಿ ಬೀಳುತ್ತಿದ್ದದ್ದು ಅಡಿಬರಹದ ಹೆಸರಿಗೇ. ‘ಎಪಿ ಚಿತ್ರ’ ಅಂತ ಹಾಕಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆವು.

ಆ ಚಿತ್ರಗಳು ನಮ್ಮ ತನಕ ಬಂದ ದಾರಿ ಗೊತ್ತಾದದ್ದು ಅವತ್ತೇ. 2019ರ ಆಗಸ್ಟ್ 5ರಂದು 370ನೇ ವಿಧಿಯ ವಿಶೇಷ ಸ್ಥಾನಮಾನ ರದ್ದಾದಾಗ ಕಾಶ್ಮೀರ ಕಣಿವೆಯಲ್ಲಿ ಮೊಬೈಲು, ಇಂಟರ್‌ನೆಟ್ಟು, ಕೊನೆಗೆ ಲ್ಯಾಂಡ್‌ಲೈನೂ ಸತ್ತಿತ್ತು. ಬೀದಿಗೊಂದು ತಡೆ. ಫೋಟೊಗ್ರಾಫರುಗಳು ಗಲ್ಲಿ ಸುತ್ತಿ, ಕೆಲವೊಮ್ಮೆ ಗುರುತೇ ಇಲ್ಲದವರ ಮನೆಯಲ್ಲಿ ಅವಿತು, ಕ್ಯಾಮೆರಾವನ್ನು ತರಕಾರಿ ಚೀಲದಲ್ಲಿ ಮುಚ್ಚಿಟ್ಟುಕೊಂಡು ಓಡಾಡಿದರು. ತೆಗೆದ ಚಿತ್ರ ಕಳಿಸುವುದು ಹೇಗೆ? ನೇರ ವಿಮಾನ ನಿಲ್ದಾಣಕ್ಕೆ ಹೋಗಿ, ದಿಲ್ಲಿಗೆ ಹೊರಟ ಯಾರನ್ನಾದರೂ ಕೇಳಿಕೊಳ್ಳುವುದು: ಇದನ್ನು ನಮ್ಮ ಆಫೀಸಿಗೆ ಮುಟ್ಟಿಸುತ್ತೀರಾ?

ನನಗೆ ಬಿಡದೆ ಕಾಡುವುದು ಆ ಪ್ರಯಾಣಿಕ. ಕೈಗೆ ಬಂದದ್ದು ಅರ್ಧ ಬೆಂಕಿಪೊಟ್ಟಣದಷ್ಟೂ ಇಲ್ಲದ ಮೆಮೊರಿ ಕಾರ್ಡ್. ಒಳಗೇನಿದೆಯೋ ಗೊತ್ತಿಲ್ಲ. ಮುಂದೆ ತಪಾಸಣೆಯ ಸಾಲು. ಅವನಿಗೇನು ದರ್ದು? ‘ಬೇಡಪ್ಪ’ ಅಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೂ ಕೆಲವರು ಜೇಬಿಗೆ ಹಾಕಿಕೊಂಡರು. ಪತ್ರಕರ್ತರ ಒಗ್ಗಟ್ಟು ಅಂದರೆ ಖಂಡನಾ ಹೇಳಿಕೆ, ಕಪ್ಪು ಪಟ್ಟಿ ಅಂದುಕೊಂಡಿದ್ದವನು ನಾನು. ಇಲ್ಲಿ ಅದು ಪತ್ರಕರ್ತನೇ ಅಲ್ಲದವನ ಷರಟಿನ ಜೇಬಿನಲ್ಲಿ ಕೂತು ಹಾರಿತ್ತು.

ಉಳಿದ ಪತ್ರಕರ್ತರಿಗಾಗಿ ಸರ್ಕಾರ ಶ್ರೀನಗರದ ಹೋಟೆಲೊಂದರಲ್ಲಿ ‘ಮೀಡಿಯಾ ಫೆಸಿಲಿಟೇಷನ್ ಸೆಂಟರ್’ ತೆರೆಯಿತು. ಇದ್ದದ್ದು ಬೆರಳೆಣಿಕೆಯ ಕಂಪ್ಯೂಟರು, ಮುಂದೆ ಪೆನ್‌ಡ್ರೈವ್ ಹಿಡಿದವರ ದೊಡ್ಡ ಸಾಲು. ಒಂದು ಮೇಲ್ ಕಳಿಸಲು ಅರ್ಧ ದಿನ ಕಾಯಬೇಕು. ‘ಕಾಶ್ಮೀರ್ ಟೈಮ್ಸ್’ನ ಅನುರಾಧಾ ಭಸೀನ್ ಈ ಕಡಿತ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2020ರ ಜನವರಿ 10ರಂದು ತೀರ್ಪು ಬಂತು: ಇಂಟರ್‌ನೆಟ್ಟನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ. ತಿಂಗಳ ಕೊನೆಗೆ ಸಿಕ್ಕಿದ್ದು 2ಜಿ.

ಆ 2ಜಿಯ ಮೇಲೆಯೇ ಕೊರೊನಾ ಬಂದು ಕೂತಿತು. ಶ್ರೀನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯರೊಬ್ಬರು ಐಸಿಯು ಚಿಕಿತ್ಸೆಯ ಮಾರ್ಗಸೂಚಿ ಇಳಿಸಿಕೊಳ್ಳಲು ಕೂತರು. 24 ಎಂಬಿ ಕಡತ. ಗಂಟೆ ಕಳೆದರೂ ಇಳಿಯಲಿಲ್ಲ. ಡಾಕ್ಟರ ಪಾಡೇ ಹೀಗಾದರೆ ವಿಡಿಯೊ ಕಳಿಸಬೇಕಾದವನ ಕಥೆ ಕೇಳಬೇಕೆ? ನಮ್ಮಲ್ಲಿ ಎಲ್ಲರೂ ಜೂಮ್‌ನಲ್ಲಿ ಮೀಟಿಂಗ್ ಮಾಡಿ ಸುಸ್ತಾದೆವು ಎಂದು ಗೊಣಗುತ್ತಿದ್ದ ದಿನಗಳು ಅವು. ಕಣಿವೆಗೆಲ್ಲ 4ಜಿ ಮರಳಿದ್ದು 2021ರ ಫೆಬ್ರುವರಿಯಲ್ಲಿ.

ಭಯ ಇಲ್ಲಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಮುಂಬೈಯಲ್ಲಿ 171 ಪತ್ರಕರ್ತರ ಪರೀಕ್ಷೆ ಮಾಡಿಸಿದರೆ 53 ಮಂದಿಗೆ ಸೋಂಕು ಎಂಬ ಸುದ್ದಿ ಬಂದ ದಿನ ನಮ್ಮ ವಾಟ್ಸ್‌ಆ್ಯಪ್ ಗುಂಪು ಸುಮಾರು ಹೊತ್ತು ಮೌನವಾಗಿತ್ತು. ಆದರೆ ನಮಗೆ ಪಿಪಿಇ ಅಂದರೆ ಬಿಳಿ ನಿಲುವಂಗಿ ಅಷ್ಟೇ. ಕಣಿವೆಯಲ್ಲಿ ಎನ್‌ಕೌಂಟರ್ ನಡೆವ ಊರಿಗೆ ಹೋಗುವವನಿಗೆ ಹೆಲ್ಮೆಟ್ಟೂ ಬೇಕು, ಮಾಸ್ಕೂ ಬೇಕು. ಮೊದಲನೆಯದು ‘ನಾನು ಪ್ರೆಸ್ಸು’ ಎಂದು ತೋರಿಸಲು; ಎರಡನೆಯದು ಮುಖವನ್ನೇ ಮುಚ್ಚುತ್ತದೆ.

2020ರ ಏಪ್ರಿಲ್‌ನಲ್ಲಿ, ಊರಿಗೂರೇ ಬಾಗಿಲು ಹಾಕಿಕೊಂಡಿದ್ದಾಗ, ಕಾಶ್ಮೀರದ 26ರ ಹರೆಯದ ಫೋಟೊಗ್ರಾಫರ್ ಮಸ್ರತ್ ಜಹ್ರಾ ಮೇಲೆ ಸೋಷಿಯಲ್ ಮೀಡಿಯಾದಲ್ಲಿ ಹಾಕಿದ ಚಿತ್ರಗಳಿಗಾಗಿ ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆಯಡಿ ಕೇಸು ಬಿತ್ತು. ಕಾಶ್ಮೀರ ಪ್ರೆಸ್ ಕ್ಲಬ್‌ನವರು ಅವರ ಪರ ನಿಂತರು. ಕೇಸು ಉಳಿಯಿತು. ಜೂನ್‌ನಲ್ಲಿ ಮಸ್ರತ್‌ಗೆ ಆನ್ಯಾ ನೀಡ್ರಿಂಗ್‌ಹೌಸ್ ಹೆಸರಿನ ಧೈರ್ಯ ಪ್ರಶಸ್ತಿ ಬಂತು. ಆ ಆನ್ಯಾ ಎಪಿಯ ಜರ್ಮನ್ ಫೋಟೊಗ್ರಾಫರ್. 2014ರಲ್ಲಿ ಅಫ್ಗಾನಿಸ್ತಾನದ ಖೋಸ್ತ್‌ನಲ್ಲಿ ಕಾರಿನಲ್ಲಿ ಕೂತಿದ್ದಾಗ ಪೊಲೀಸನೊಬ್ಬನೇ ಗುಂಡು ಹೊಡೆದಿದ್ದ.

ಶ್ರೀನಗರದ ಪೋಲೊ ವ್ಯೂನಲ್ಲಿದ್ದ ಆ ಪ್ರೆಸ್ ಕ್ಲಬ್ಬೂ 2022ರ ಜನವರಿಯಲ್ಲಿ ಮುಚ್ಚಿತು. ಕಟ್ಟಡದ ಹಂಚಿಕೆಯನ್ನೇ ಸರ್ಕಾರ ರದ್ದು ಮಾಡಿತು. ಆಫೀಸಿದ್ದವರಿಗೆ ಅದರ ಬಿಸಿ ಅಷ್ಟಾಗಿ ತಟ್ಟಿರಲಿಕ್ಕಿಲ್ಲ. ಫ್ರೀಲಾನ್ಸರ್‌ಗೆ ಮಾತ್ರ ಕೂತು ಬರೆಯಲೊಂದು ಕುರ್ಚಿ ಹೋಯಿತು, ‘ಇವತ್ತು ಆ ಕಡೆ ಹೋಗಬೇಡ’ ಎಂದು ಹೇಳುವವರೂ ಹೋದರು.

ರಾಯಿಟರ್ಸ್‌ನ ಫೋಟೊಗ್ರಾಫರ್ ಡ್ಯಾನಿಶ್ ಸಿದ್ದಿಕಿ ಕೊರೊನಾ, ಯುದ್ಧ ಎರಡೂ ಕಡೆ ನಿಂತವರು. 2021ರ ಏಪ್ರಿಲ್‌ನಲ್ಲಿ ದಿಲ್ಲಿ ಆಸ್ಪತ್ರೆಯ ಒಂದೇ ಮಂಚದಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡ ಇಬ್ಬರು, ಮೇಲಿನಿಂದ ಕಂಡ ಚಿತೆಗಳ ಸಾಲು ನೆನಪಿರಬೇಕಲ್ಲ? ಅವರೇ. ಜುಲೈನಲ್ಲಿ ಅಫ್ಗಾನ್ ವಿಶೇಷ ಪಡೆಯ ಜತೆ ಕಂದಹಾರ್‌ನಲ್ಲಿದ್ದರು. 13ರಂದು ಕೂತಿದ್ದ ವಾಹನಕ್ಕೆ ರಾಕೆಟ್ ಬಡಿದರೂ ಪಾರಾದರು. 16ರಂದು ಸ್ಪಿನ್ ಬೋಲ್ಡಕ್‌ನಲ್ಲಿ ಪಾರಾಗಲಿಲ್ಲ.

ಮರುವರ್ಷ ಅವರ ತಂಡದ ಕೋವಿಡ್ ಚಿತ್ರಗಳಿಗೆ ಪುಲಿಟ್ಜರ್ ಬಂತು: ಸಿದ್ದಿಕಿ, ಅದ್ನಾನ್ ಅಬಿದಿ, ಅಮಿತ್ ದವೆ, ಸನಾ ಇರ್ಷಾದ್ ಮಟ್ಟೂ. ಸನಾ ಕಾಶ್ಮೀರದವರು. ಪಹಲ್ಗಾಮ್ ಆಚೆಯ ಲಿಡ್ಡರ್‌ವಾಟ್ ಹುಲ್ಲುಗಾವಲಿನಲ್ಲಿ ಕುರಿಗಾಹಿಯೊಬ್ಬನಿಗೆ ಲಸಿಕೆ ಚುಚ್ಚುವ ಚಿತ್ರ ಅವರದು.

2022ರ ಅಕ್ಟೋಬರಿನಲ್ಲಿ ಆ ಪ್ರಶಸ್ತಿ ಸ್ವೀಕರಿಸಲು ನ್ಯೂಯಾರ್ಕಿಗೆ ಹೊರಟ ಸನಾರನ್ನು ವಿಮಾನ ನಿಲ್ದಾಣದಲ್ಲಿ ತಡೆದರು. ವೀಸಾ ಇತ್ತು, ಟಿಕೆಟ್ ಇತ್ತು. ಮೂರು ವರ್ಷದ ಹಿಂದೆ ಅಪರಿಚಿತರ ಜೇಬಿನಲ್ಲಿ ಕೂತು ಕಾರ್ಡುಗಳು ಬಂದಿಳಿದಿದ್ದ ಅದೇ ದಿಲ್ಲಿಯಲ್ಲಿ. ಸುದ್ದಿ ಬಂದ ರಾತ್ರಿ ಪುಟ ಕಟ್ಟುವ ಹುಡುಗ ಕೇಳಿದ: ‘ಸರ್, ಫೋಟೊ ಕೆಳಗೆ ಹೆಸರು ಪೂರ್ತಿ ಬೇಕಾ? ಒಂದು ಸಾಲು ಹೆಚ್ಚಾಗ್ತದೆ.’ ಸುದ್ದಿಯಲ್ಲಿ ಒಂದು ಸಾಲು ತೆಗೆದುಕೊಟ್ಟೆ.