ದಡ ನೋಡಲು ಬಂದವರು, ದಡದಲ್ಲಿ ಇದ್ದವರು: ಜುರಾಲ ತೀರ ಮತ್ತು ಕನ್ನಡದ ‘ಅಂಬಿಗ’

ನನಗಿಂತ ಮೊದಲು ಮಾತಾಡಿದವರು ಮಲ್ಪೆ, ಪಣಂಬೂರಿನ ಕಡಲತೀರಗಳ ಬಗ್ಗೆ ಹೇಳಿದರು. ನಮ್ಮ ನಾರಾಯಣಪೇಟೆ, ಮಕ್ತಲ, ಗದ್ವಾಲ ಭಾಗಕ್ಕೆ ಕಡಲಿಲ್ಲ. ಆದರೆ ಭಾನುವಾರ ಬಂತಂದ್ರೆ ನಮ್ಮ ಜನ ಮಕ್ಕಳುಮರಿ ಕಟ್ಟಿಕೊಂಡು ಹೋಗುವ ಒಂದು ತೀರ ಇದೆ, ಕೃಷ್ಣಾ ನದಿಯ ಜುರಾಲ ಅಣೆಕಟ್ಟು. ಮೇಲೆ ನಾರಾಯಣಪುರದಿಂದ ನೀರು ಬಿಟ್ಟರೆ ಇಲ್ಲಿ ಗೇಟು ಎತ್ತುತ್ತಾರೆ. ಗೇಟು ಎತ್ತಿದ ಸುದ್ದಿ ಬಂದರೆ ರಸ್ತೆ ತುಂಬಾ ಕಾರು, ಬೈಕು. ನೀರು ನೋಡೋದು, ಫೋಟೋ ತೆಗೆಯೋದು, ಆಮೇಲೆ ರಸ್ತೆ ಬದಿಯ ಅಂಗಡಿಯಲ್ಲಿ ಬಿಸಿ ಎಣ್ಣೆಯಿಂದ ತೆಗೆದ ಮೀನು ತಿನ್ನೋದು. ಇಷ್ಟೇ ಪ್ರವಾಸ.

ಈ ನೋಟದಲ್ಲಿ ಮೀನು ಹಿಡಿದವರು ಎಲ್ಲಿದ್ದಾರೆ, ನಮ್ಮ ಸಾಹಿತ್ಯ ಅವರನ್ನು ಎಲ್ಲಿ ಇಟ್ಟಿದೆ ಎಂಬುದೇ ನನ್ನ ಪ್ರಶ್ನೆ.

ಮೊದಲು ತಟ್ಟೆಯಿಂದಲೇ ಶುರು ಮಾಡೋಣ. ‘ಕೃಷ್ಣೆಯ ಮೀನು’ ಅಂತ ನಾವು ಪ್ರೀತಿಯಿಂದ ತಿನ್ನುವುದರಲ್ಲಿ ರೋಹು, ಕಟ್ಲಾ ಇವೆ. ಇವು ಮೂಲತಃ ಗಂಗಾ ಬಯಲಿನ ಮೀನುಗಳು, ಮರಿ ತಂದು ಬಿಟ್ಟು ಬೆಳೆಸಿದವು. ನಿಂತ ನೀರಿಗೆ ಚೆನ್ನಾಗಿ ಒಗ್ಗುತ್ತವೆ. ಜುರಾಲಕ್ಕೆ 1981ರಲ್ಲಿ ಅಡಿಗಲ್ಲು ಬಿತ್ತು, 1995ರಲ್ಲಿ ಉದ್ಘಾಟನೆಯಾಯಿತು. ಹರಿಯುವ ನದಿ ನಿಂತಾಗ ಊರು, ಹೊಲ ಮುಳುಗಿದ್ದನ್ನು ಎಲ್ಲರೂ ಹೇಳ್ತಾರೆ. ಬೆಸ್ತರ ಕಸುಬೂ ಬದಲಾಯಿತು ಅನ್ನೋದನ್ನು ಹೇಳುವವರು ಕಡಿಮೆ. ಮಡು ಎಲ್ಲಿ, ಸೆಳವು ಎಲ್ಲಿ, ಯಾವ ಬಂಡೆಯ ಹಿಂದೆ ಬಲೆ ಹಾಕಬೇಕು ಎಂಬ ತಿಳಿವಳಿಕೆ ಹರಿಯುವ ನೀರಿನದು. ಹಿನ್ನೀರಿನಲ್ಲಿ ಅದರಲ್ಲಿ ಎಷ್ಟೋ ಕೆಲಸಕ್ಕೆ ಬರುವುದಿಲ್ಲ. ಕೊರ್ರಮೀನಿನ ಕಥೆ ಬೇರೆ. ಅದು ಗಾಳಿ ಉಸಿರಾಡುವ ಮೀನು, ನೀರಿನಿಂದ ತೆಗೆದರೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ, ಹಾಗಾಗಿ ಜೀವಂತವಾಗಿಯೇ ಮಾರಾಟವಾಗುತ್ತದೆ. ತೆಲಂಗಾಣ ಅದನ್ನೇ ರಾಜ್ಯದ ಮೀನು ಮಾಡಿಕೊಂಡಿದೆ.

ಇನ್ನು ದೋಣಿ. ಮಕ್ತಲ ಮಂಡಲದ ಪಂಚದೇವಪಹಾಡದ ದಡದಲ್ಲಿ ನಿಂತರೆ ಎದುರಿಗೆ ಕುರುವಪುರದ ನಡುಗಡ್ಡೆ. ದಡ ತೆಲಂಗಾಣ, ಗಡ್ಡೆ ರಾಯಚೂರು ತಾಲೂಕು. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ್ದರಿಂದ ಮಹಾರಾಷ್ಟ್ರದ ಭಕ್ತರೂ ಬರುತ್ತಾರೆ. ದಾಟಿಸುವುದನ್ನು ತೆಲುಗಿನಲ್ಲಿ ‘ಪುಟ್ಟಿ’ ಅಂತಾರೆ, ಕನ್ನಡದಲ್ಲಿ ಹರಿಗೋಲು. ನಮ್ಮ ಕಡೆ ಕನ್ನಡದಲ್ಲಿ ಪುಟ್ಟಿ ಅಂದರೆ ಬುಟ್ಟಿ. ಹೆಸರೇ ಅದರ ಆಕಾರ ಹೇಳ್ತದೆ ನೋಡ್ರಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಇವನ್ನು ಬುಟ್ಟಿಗೇ ಹೋಲಿಸಿ, ಹೊರಗೆ ಚರ್ಮ ಹೊದಿಸಿದ್ದನ್ನು ದಾಖಲಿಸಿದ್ದಾನೆ. ಚರ್ಮ ಹೋಗಿ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಬಿದಿರಿನ ಹೆಣಿಗೆ ಹಾಗೇ ಇದೆ.

ಬಂದವರಿಗೆ ಇದು ಮೋಜಿನ ಸವಾರಿ. ಗಡ್ಡೆಯವರಿಗೆ ಸಂತೆಗೆ, ಆಸ್ಪತ್ರೆಗೆ ಹೋಗುವ ದಾರಿ. 2020ರ ಆಗಸ್ಟಿನಲ್ಲಿ ಈ ದಡದಿಂದ ಕುರ್ವಕಲಕ್ಕೆ ಹಿಂತಿರುಗುತ್ತಿದ್ದ ಹರಿಗೋಲು ಮಗುಚಿ ಜನ ನೀರುಪಾಲಾದರು. ಅದೇ ನೀರು, ಅದೇ ಬುಟ್ಟಿ.

ಈಗ ಸಾಹಿತ್ಯಕ್ಕೆ ಬರ್ತೀನಿ. ದಾಸರ ಪದಗಳಲ್ಲಿ ಅಂಬಿಗ ಅಂದರೆ ದೇವರು, ಹೊಳೆ ಅಂದರೆ ಸಂಸಾರ. ರೂಪಕ ಸುಂದರವಾಗಿದೆ, ಅದರಲ್ಲಿ ಅನುಮಾನವಿಲ್ಲ. ದಾಸ ಪರಂಪರೆ ನಮಗೆ ದೂರದ್ದೂ ಅಲ್ಲ, ಗೋಪಾಲದಾಸರ ಉತ್ತನೂರು ಇವತ್ತು ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲೇ ಇದೆ. ಆದರೆ ಈ ರೂಪಕದಲ್ಲಿ ಹಾಡುವವನು ಯಾವಾಗಲೂ ಪ್ರಯಾಣಿಕ. ಹುಟ್ಟು ಹಾಕುವವನಿಗೆ ಮಾತಿಲ್ಲ, ಕೂಲಿಯಂತೂ ಇಲ್ಲವೇ ಇಲ್ಲ.

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ಇದನ್ನು ತಿರುವಿ ಹಾಕುತ್ತಾನೆ. ಅಲ್ಲಿ ಅಂಬಿಗನೇ ಮಾತಾಡುವವನು. ಬಹುಪಾಲು ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಈತ ತನ್ನ ಕಸುಬು, ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಪಠ್ಯಗಳಲ್ಲಿ ಇದನ್ನು ‘ನಿಷ್ಠುರತೆ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ದಾಟಿಸುವವನು ತನ್ನ ಹೆಸರಿನ ಮೇಲೆ ತಾನೇ ಹಕ್ಕು ಸ್ಥಾಪಿಸಿದ್ದು ಅದು.

ಆ ಹೆಸರಿನ ಪ್ರಶ್ನೆ ನಮ್ಮ ದಡದಲ್ಲಿ ಇನ್ನೂ ಮುಗಿದಿಲ್ಲ. 1956ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಕ್ಕೆ ಹೋದವು, ರಾಯಚೂರು ಮೈಸೂರಿಗೆ ಬಂತು. ಹೊಳೆಯ ಕಸುಬಿನವರು ಆಚೆ ಅಂಬಿಗ, ಕಬ್ಬಲಿಗ. ಈಚೆ ಬೆಸ್ತ, ಗಂಗಪುತ್ರ. ಕರ್ನಾಟಕದ ಹಿಂದುಳಿದವರ ಪಟ್ಟಿಯಲ್ಲಿ ಪ್ರವರ್ಗ-1, ತೆಲಂಗಾಣದಲ್ಲಿ ಬಿ.ಸಿ.-ಎ. ಒಂದೇ ಹೊಳೆಯವರು ಎರಡು ರಾಜ್ಯದ ಕಾಗದದಲ್ಲಿ ಎರಡು ಹೆಸರು. ಈಚೆ ದಡದ ಬಹುಪಾಲು ಮಕ್ಕಳ ಪಠ್ಯದಲ್ಲಿ ಚೌಡಯ್ಯ ಇಲ್ಲ. ಆಚೆಯವರ ಪಠ್ಯದಲ್ಲಿ ಅವನಿದ್ದಾನೆ, ಜುರಾಲ ಇಲ್ಲ.

ಹಾಗಾಗಿ ಈ ತೀರದಲ್ಲಿ ನಾನು ಮೊದಲು ಸಂಗ್ರಹಿಸಬೇಕು ಅಂದುಕೊಂಡಿರೋದು ಹಾಡುಗಳನ್ನಲ್ಲ, ಪದಗಳನ್ನು: ಬಲೆಯ ಕಣ್ಣಿನ ಅಳತೆಗೆ, ಮೀನಿನ ಗಾತ್ರಕ್ಕೆ, ನೀರಿನ ಬಣ್ಣಕ್ಕೆ ಎರಡೂ ದಡದಲ್ಲಿ ಏನಂತಾರೆ ಅಂತ. ಹಿರಿಯರ ಬಾಯಲ್ಲಿ ಕನ್ನಡ, ತೆಲುಗು ಬೇರೆ ಮಾಡಲಾಗದ ಹಾಗೆ ಬೆರೆತಿವೆ. ಯಾವುದು ಯಾರದ್ದು ಅಂತ ಆಮೇಲೆ ನೋಡಿಕೊಳ್ಳಬಹುದು. ಈ ಬಗ್ಗೆ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.